ಕುಂತಳದಿಂದ ಕೈಪಿಡಿಗೆ: ಉದ್ಯೋಗಸ್ಥಳ ಮತ್ತು ಗುಂಗುರು ಕೂದಲು

ಉದ್ಯೋಗಸ್ಥಳಗಳಲ್ಲಿ ನೌಕರರ ಬಾಹ್ಯರೂಪವನ್ನು ನಿಯಂತ್ರಿಸುವ ನಿಯಮಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಉಡುಪಿನ ಚರಿತ್ರೆಯ ಒಂದು ಅಂಗವಾಗಿ ನೋಡಲಾಗಿದೆ. ಪೇಟ, ನಿಲುವಂಗಿ, ಪಂಚೆ, ಸೀರೆಗಳ ಬಗೆಗೆ ಬರಹಗಳಿವೆ. ಕೂದಲಿನ ಪ್ರಶ್ನೆ ಅವುಗಳಿಗಿಂತ ಭಿನ್ನವಾದುದು. ಉಡುಪನ್ನು ಕೆಲಸ ಮುಗಿದೊಡನೆ ಕಳಚಿಡಬಹುದು. ಕೂದಲು ನೌಕರನೊಡನೆ ಮನೆಗೂ ಹೋಗುತ್ತದೆ. ಆದ್ದರಿಂದ ಕೂದಲನ್ನು ಕುರಿತ ನಿಯಮವು ಕೆಲಸದ ಅವಧಿಯನ್ನು ಮೀರಿ ಶರೀರವನ್ನೇ ಆಳುವ ನಿಯಮವಾಗುತ್ತದೆ. ದೆಹಲಿ ಮತ್ತು ಅದರ ಸುತ್ತಣ ರಾಜಧಾನಿ ವಲಯದಲ್ಲಿ ನೆಲೆಗೊಂಡಿರುವ ವಿಮಾನಯಾನ ಸಂಸ್ಥೆಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಈ ಆಳ್ವಿಕೆಯ ಸ್ವರೂಪ ಹೇಗೆ ಬದಲಾಯಿತು, ಸ್ವಭಾವತಃ ಗುಂಗುರಾದ ಕೂದಲುಳ್ಳವರ ಸ್ಥಾನ ಅದರಲ್ಲಿ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳನ್ನು ಗಮನಿಸಬಹುದು. ಕುರುಳು, ಮುಂಗುರುಳು, ಗುಂಗುರು, ಸುರುಳಿ, ಅಳಕ, ಕುಂತಳ: ಕನ್ನಡದಲ್ಲಿ ಸುತ್ತಿಕೊಂಡ ಕೂದಲಿಗೆ ಇರುವ ಪದಗಳ ಸಮೃದ್ಧಿ ನೇರ ಕೂದಲಿಗೆ ಇಲ್ಲ. ಇವುಗಳಲ್ಲಿ ಕುರುಳು ಎಂಬುದು ತಮಿಳಿನಲ್ಲಿಯೂ ಜ್ಞಾತಿಪದವುಳ್ಳ ದ್ರಾವಿಡ ಶಬ್ದ. ಅಳಕ, ಕುಂತಳಗಳು ಸಂಸ್ಕೃತದಿಂದ ಬಂದವು. ಕುಂತಳವೆಂಬುದು ಪ್ರಾಚೀನ ಕರ್ನಾಟಕದ ಒಂದು ದೊಡ್ಡ ಭಾಗದ ಹೆಸರೂ ಆಗಿದ್ದಿತು. ಕಲ್ಯಾಣದ ಚಾಲುಕ್ಯರನ್ನು ಕುಂತಳಾಧಿಪರೆಂದು ಕರೆಯುವ ರೂಢಿಯಿತ್ತು. ನಾಡಿನ ಹೆಸರಿಗೂ ಮುಂಗುರುಳಿಗೂ ಇರುವ ಈ ಶಬ್ದಸಾಮ್ಯವನ್ನು ಹಿಡಿದು, ಕುಂತಳನಾಡನ್ನು ಭೂದೇವಿಯ ಕೇಶರಾಶಿಯೆಂದು ಬಣ್ಣಿಸುವುದು ಶಾಸನಕವಿಗಳಿಗೆ ಪ್ರಿಯವಾದ ಶ್ಲೇಷೆ. ಇದನ್ನು ನಿರುಕ್ತಿಯೆಂದು ಭಾವಿಸಬೇಕಾಗಿಲ್ಲ. ಆದರೆ ತನ್ನ ನಾಡನ್ನು ಸುರುಳಿಗೂದಲಿಗೆ ಹೋಲಿಸುವುದು ಹೊಗಳಿಕೆಯೆಂದು ಕವಿಗೂ ಅವನ ಆಶ್ರಯದಾತನಿಗೂ ತೋರಿತೆಂಬುದು ನಿಸ್ಸಂದೇಹ.

ಶಿಲ್ಪದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಚಾವುಂಡರಾಯನು 10ನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರವಣಬೆಳಗೊಳದಲ್ಲಿ ಮಾಡಿಸಿದ, ಸುಮಾರು 57 ಅಡಿ ಎತ್ತರದ ಗೊಮ್ಮಟಮೂರ್ತಿಯ ತಲೆಯ ತುಂಬ ಕಿರಿದಾದ, ಒತ್ತಾದ ಗುಂಗುರುಗಳಿವೆ. ಕಾರ್ಕಳ (1432) ಮತ್ತು ವೇಣೂರಿನ (1604) ಮೂರ್ತಿಗಳಲ್ಲಿಯೂ ಇದೇ ಸಂಪ್ರದಾಯ ಮುಂದುವರಿದಿದೆ. ಎಲ್ಲವನ್ನೂ ತೊರೆದು ನಿಂತ ಪುರುಷನ ತಲೆಯಲ್ಲಿ ಈ ಕೂದಲನ್ನು ಕಂಡರಿಸಲು ಶಿಲ್ಪಿಗೆ ಯಾವ ಸಂಕೋಚವೂ ಇರಲಿಲ್ಲ. ಅದು ಮಹಾಪುರುಷ ಲಕ್ಷಣಗಳ ಪರಂಪರೆಗೆ ಸೇರಿದ್ದು. ಇಂದಿನ ಯಾವುದಾದರೂ ತರಬೇತಿ ಕೇಂದ್ರದಲ್ಲಿ ಆ ಕೇಶಕ್ಕೆ ಎಂತಹ ಅಂಕ ದೊರೆಯುತ್ತಿತ್ತೆಂದು ಊಹಿಸುವುದು ಕುತೂಹಲಕರ.

ಹಾಗೆಂದು ಪೂರ್ವಕಾಲದಲ್ಲಿ ತಲೆಗೆ ನಿಯಮಗಳಿರಲಿಲ್ಲವೆಂದು ಹೇಳಲಾಗದು. ಜಾತಿ, ಆಶ್ರಮ, ವೈಧವ್ಯಗಳು ತಲೆಯ ಮೇಲೆ ಬಿಗಿಯಾದ ಗುರುತುಗಳನ್ನು ಹಾಕಿದ್ದವು. ವಿಧವೆಯರ ಕೇಶಮುಂಡನ ಅವುಗಳಲ್ಲಿ ಅತ್ಯಂತ ಕ್ರೂರವಾದುದು. ಅವು ಕುಲದ ಮತ್ತು ಮನೆಯ ನಿಯಮಗಳು. ಉದ್ಯೋಗದ ಕಟ್ಟಳೆಯ ಕಥೆ ಬೇರೆ. ಮೈಸೂರು ಸಂಸ್ಥಾನದ ದರ್ಬಾರಿನಲ್ಲಿ ಅಧಿಕಾರಿಗಳಿಗೆ ಉದ್ದನೆಯ ನಿಲುವಂಗಿ ಮತ್ತು ಪೇಟ ವಿಹಿತವಾಗಿದ್ದವು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರಸಿದ್ಧ ಭಾವಚಿತ್ರಗಳಲ್ಲಿ ಪಾಶ್ಚಾತ್ಯ ಸೂಟಿನ ಮೇಲೆಯೂ ಮೈಸೂರು ಪೇಟವಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೇಟವು ತಲೆಯನ್ನು ಮುಚ್ಚುವುದರಿಂದ ಅದರ ಕೆಳಗಿನ ಕೂದಲು ನೇರವೋ ಗುಂಗುರೋ, ಜುಟ್ಟೋ ಕ್ರಾಪೋ ಎಂಬುದು ಕಛೇರಿಯ ದೃಷ್ಟಿಗೆ ಬೀಳುತ್ತಲೇ ಇರಲಿಲ್ಲ. ತಲೆಯ ಹಿಂಭಾಗದಲ್ಲಿ ಶಿಖೆಯನ್ನು ಬಿಟ್ಟು ಉಳಿದುದನ್ನು ಬೋಳಿಸುವ ಜುಟ್ಟಿನ ಪದ್ಧತಿಯಿಂದ ಕ್ರಾಪಿಗೆ ಬದಲಾದಾಗ ಉಂಟಾದ ಜಗಳಗಳು ನಡೆದದ್ದು ಮನೆಯ ಹಜಾರದಲ್ಲಿ, ಮಠದ ಅಂಗಳದಲ್ಲಿ. 20ನೆಯ ಶತಮಾನದ ನಡುಭಾಗದಲ್ಲಿ ಪೇಟ, ಟೊಪ್ಪಿಗೆಗಳು ಕಛೇರಿಗಳಿಂದ ಹಿಂದೆಗೆದಾಗ ಮೊದಲ ಬಾರಿಗೆ ಕೂದಲೇ ನೌಕರನ ತಲೆಯ ಹೊರರೂಪವಾಯಿತು. ಅದೇ ಕಾಲದಲ್ಲಿ ಸ್ತ್ರೀಯರು ಹೆಚ್ಚಿನ ಸಂಖ್ಯೆಯಲ್ಲಿ ವೇತನದ ಕೆಲಸಗಳಿಗೆ ಬಂದರು. ಕೂದಲನ್ನು ಕುರಿತ ಉದ್ಯೋಗನಿಯಮಗಳು ಮುಖ್ಯವಾಗಿ ಅವರ ಮೇಲೆ ಹರಿದುವೆಂಬುದು ಆಕಸ್ಮಿಕವಲ್ಲ.

ಈ ದೃಷ್ಟಿಯಿಂದ ವಿಮಾನಯಾನ ಉದ್ಯಮ ವಿಶೇಷ ಅಧ್ಯಯನಕ್ಕೆ ಅರ್ಹವಾಗಿದೆ. 1953ರ ಶಾಸನದ ಮೂಲಕ ರಾಷ್ಟ್ರೀಕರಣಗೊಂಡ ಈ ಉದ್ಯಮದಲ್ಲಿ ಗಗನಸಖಿಯ ರೂಪವೇ ಸಂಸ್ಥೆಯ ಜಾಹೀರಾತು ಎಂಬ ಭಾವನೆ ಬೇರೂರಿತ್ತು. ಏರ್ ಇಂಡಿಯಾದ ಸೇವಾನಿಯಮಗಳ ಪ್ರಕಾರ ಗಗನಸಖಿಯು 35 ವರ್ಷಕ್ಕೆ, ಅಥವಾ ಸೇವೆಯ ಮೊದಲ ನಾಲ್ಕು ವರ್ಷಗಳೊಳಗೆ ವಿವಾಹವಾದರೆ ಆಗ, ಅಥವಾ ಮೊದಲ ಗರ್ಭಧಾರಣೆಯಾದಾಗ ನಿವೃತ್ತಳಾಗಬೇಕಾಗಿತ್ತು. ಇವುಗಳಲ್ಲಿ ಯಾವುದು ಮೊದಲೋ ಅದು. ಅದೇ ವಿಮಾನದಲ್ಲಿ ದುಡಿಯುವ ಪುರುಷರಿಗೆ ನಿವೃತ್ತಿಯ ವಯಸ್ಸು 58. ನರ್ಗೇಶ್ ಮಿರ್ಜಾ ಪ್ರಕರಣವೆಂದು ಪ್ರಸಿದ್ಧವಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1981ರ ಆಗಸ್ಟ್‌ನಲ್ಲಿ ಗರ್ಭಧಾರಣೆಯ ನಿಯಮವನ್ನು ರದ್ದುಪಡಿಸಿತು. ವಿವಾಹದ ನಿಯಮವನ್ನು ಉಳಿಸಿತು. ಸ್ತ್ರೀ ಪುರುಷರು ಬೇರೆ ಬೇರೆ ವೃಂದಗಳಿಗೆ ಸೇರಿದವರಾದ್ದರಿಂದ ಅವರ ನಡುವಣ ವ್ಯತ್ಯಾಸವು ಸಮಾನತೆಯ ಭಂಗವಲ್ಲವೆಂದೂ ಹೇಳಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ತೀರ್ಪಿನ ಇನ್ನೊಂದು ಭಾಗ. ಈ ಕೆಲಸಕ್ಕೆ ತರುಣಿಯರೂ ಆಕರ್ಷಕರೂ ಆದ ಸ್ತ್ರೀಯರೇ ಬೇಕೆಂಬ ವಾದವನ್ನು ನ್ಯಾಯಾಲಯವು ಬರಿಯ ಊಹೆಯೆಂದೂ ಸ್ತ್ರೀತ್ವಕ್ಕೆ ಅವಮಾನವೆಂದೂ ತಳ್ಳಿಹಾಕಿತು. ಅರ್ಧ ಗೆಲುವಿನ ಈ ತೀರ್ಪಿನಲ್ಲಿ ಇಷ್ಟಾದರೂ ಸ್ಪಷ್ಟವಾಗಿ ದಾಖಲಾಯಿತು.

ಅದೇ ವರ್ಷ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಕಪ್ಪುಜನಾಂಗದ ಉದ್ಯೋಗಿಯೊಬ್ಬರ ದಾವೆಯನ್ನು ತೀರ್ಮಾನಿಸಿತು. ಆಕೆ ತನ್ನ ಕೂದಲನ್ನು ತಲೆಗೆ ಒತ್ತಿ ಸಾಲುಸಾಲಾಗಿ ಹೆಣೆದುಕೊಂಡಿದ್ದರು; ಸಂಸ್ಥೆಯ ನಿಯಮ ಅದನ್ನು ಒಪ್ಪಲಿಲ್ಲ. ಹೆಣಿಗೆಯು ಹುಟ್ಟಿನಿಂದ ಬಂದುದಲ್ಲ, ಸುಲಭವಾಗಿ ಬದಲಾಯಿಸಬಹುದಾದ ಅಲಂಕಾರ. ಆದ್ದರಿಂದ ಜನಾಂಗಭೇದದ ಪ್ರಶ್ನೆ ಏಳುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಸ್ವಾಭಾವಿಕ ಗುಂಗುರನ್ನೇ ನಿಷೇಧಿಸಿದ್ದರೆ ವಿಷಯ ಬೇರೆಯಾಗಬಹುದಾಗಿತ್ತೆಂಬ ಸೂಚನೆಯೂ ಆ ತೀರ್ಪಿನಲ್ಲಿದೆ. ಈ ಸೂಕ್ಷ್ಮ ಭೇದ ನ್ಯಾಯಶಾಸ್ತ್ರಕ್ಕೆ ಅನುಕೂಲವಾಗಿರಬಹುದು, ಕೂದಲಿಗೆ ಅನುಕೂಲವಲ್ಲ. ಒತ್ತಾದ ಗುಂಗುರುಳ್ಳ ಸ್ತ್ರೀಗೆ ಹೆಣಿಗೆಯೇ ಕೂದಲನ್ನು ಕಾಯುವ ಸಹಜ ಮಾರ್ಗ. ಈ ಕೊರತೆಯನ್ನು ಕ್ಯಾಲಿಫೋರ್ನಿಯಾ ರಾಜ್ಯವು 2019ರಲ್ಲಿ ಶಾಸನದಿಂದ ತುಂಬಿತು. ಬೇರೆ ಹಲವು ರಾಜ್ಯಗಳು ಅದನ್ನು ಅನುಸರಿಸಿದುವು. ಇಡೀ ದೇಶಕ್ಕೆ ಅನ್ವಯಿಸುವಂತಹ ಮಸೂದೆಯನ್ನು 2022ರಲ್ಲಿ ಅಲ್ಲಿಯ ಕೆಳಮನೆ ಅಂಗೀಕರಿಸಿತಾದರೂ ಮೇಲ್ಮನೆಯಲ್ಲಿ ಅದು ಮುಂದುವರಿಯಲಿಲ್ಲ.

ಭಾರತದ ನ್ಯಾಯಾಲಯಗಳು ಕೂದಲನ್ನು ಅರಿತಿರುವುದು ಮುಖ್ಯವಾಗಿ ಧರ್ಮದ ಲಾಂಛನವಾಗಿ. 2016ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುಪಡೆಯ ಸಿಬ್ಬಂದಿಯೊಬ್ಬರು ಗಡ್ಡ ಬಿಟ್ಟ ಪ್ರಕರಣವನ್ನು ನಿರ್ಣಯಿಸಿತು. 1964ರ ನಿಯಮಾವಳಿಯ ಪ್ರಕಾರ, ಕೂದಲನ್ನು ಕತ್ತರಿಸುವುದು ಅಥವಾ ಮುಖಕ್ಷೌರ ಮಾಡಿಸಿಕೊಳ್ಳುವುದು ಯಾರ ಧರ್ಮದಲ್ಲಿ ನಿಷಿದ್ಧವೋ ಅವರಿಗೆ ಮಾತ್ರ ವಿನಾಯಿತಿಯಿದೆ. ಅರ್ಜಿದಾರರು ಆ ವರ್ಗಕ್ಕೆ ಸೇರುವುದಿಲ್ಲ ಎಂಬುದು ತೀರ್ಪು. ಸೈನ್ಯದ ಏಕರೂಪತೆಗೆ ತನ್ನದೇ ಆದ ತರ್ಕವಿದೆ, ಅದನ್ನು ಇಲ್ಲಿ ವಿಮರ್ಶಿಸುತ್ತಿಲ್ಲ. ಆದರೆ ಈ ಚೌಕಟ್ಟಿನಲ್ಲಿ ಗುಂಗುರು ಕೂದಲಿಗೆ ಸ್ಥಳವೇ ಇಲ್ಲವೆಂಬುದು ಗಮನಾರ್ಹ. ಅದು ಯಾವ ಧರ್ಮದ ವಿಧಿಯೂ ಅಲ್ಲ. ದೇಹದ ಸ್ವಭಾವ ಮಾತ್ರ. ಸಂವಿಧಾನದ 15ನೆಯ ವಿಧಿಯಲ್ಲಿ ಜನಾಂಗವೆಂಬ ಪದವಿದ್ದರೂ ಕೂದಲಿನ ಸಂದರ್ಭದಲ್ಲಿ ಅದನ್ನು ಬಳಸಿ ವಾದಿಸುವ ಪರಂಪರೆ ನಮ್ಮಲ್ಲಿ ಬೆಳೆದಿಲ್ಲ.

ಬೆಳೆಯಬೇಕಾದ ಕಾರಣಗಳು ಇಲ್ಲದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಿನಂಚಿನಲ್ಲಿ ವಾಸಿಸುವ ಸಿದ್ದಿ ಸಮುದಾಯವು ಆಫ್ರಿಕಾದ ಮೂಲದ್ದು; ಶತಮಾನಗಳಿಂದ ಈ ನೆಲದಲ್ಲಿ ನೆಲೆಸಿ ಕೊಂಕಣಿ, ಕನ್ನಡಗಳನ್ನು ಆಡುತ್ತ ಬಂದಿದೆ. ಭಾರತ ಕ್ರೀಡಾ ಪ್ರಾಧಿಕಾರವು 1980ರ ದಶಕದಲ್ಲಿ ಈ ಸಮುದಾಯದ ಮಕ್ಕಳನ್ನು ಓಟಕ್ಕಾಗಿ ಹುಡುಕಿ ಆರಿಸಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅವರ ಶರೀರವನ್ನು ಪ್ರಭುತ್ವವು ಮೈದಾನಕ್ಕೆ ತಕ್ಕದ್ದೆಂದು ಕಂಡಿತು. ಅದೇ ಶರೀರ, ಅದೇ ಕೂದಲು ನಗರದಲ್ಲಿ ಅವರನ್ನು ಪರದೇಶದವರೆಂದು ತೋರಿಸುತ್ತದೆ. ಇದು ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಕುರುಡಲ್ಲ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ಯುವ ವಿದ್ಯಾರ್ಥಿಯೊಬ್ಬನ ಕೂದಲನ್ನು ಅಣಕಿಸಿದ್ದರಿಂದ ಆರಂಭವಾದ ಜಗಳವು ಅವನ ಮರಣದಲ್ಲಿ ಮುಗಿಯಿತು. ಅನಂತರ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರೂವಾ ಸಮಿತಿಯು ಜನಾಂಗೀಯ ಅವಹೇಳನವನ್ನು ದಂಡಸಂಹಿತೆಯಲ್ಲಿ ಅಪರಾಧವಾಗಿಸಬೇಕೆಂದು ಅದೇ ವರ್ಷ ಶಿಫಾರಸು ಮಾಡಿತು. ಬೀದಿಯಲ್ಲಿ ಕೂದಲು ವಿದೇಶೀಯತೆಯ ಗುರುತಾಗುವ ನಗರದಲ್ಲಿ, ಉದ್ಯೋಗದ ಸಂದರ್ಶನದಲ್ಲಿ ಮಾತ್ರ ಅದು ನಗಣ್ಯವಾಗುತ್ತದೆಂದು ನಂಬುವುದು ಕಷ್ಟ.

ಮತ್ತೆ ವಿಮಾನಗಳ ಕಡೆಗೆ ಬರಬೇಕು. 1981ರಲ್ಲಿ ಅವಮಾನವೆನಿಸಿದ ವಾದವು ಮುಂದೆ ಬೇರೆ ಭಾಷೆಯಲ್ಲಿ ಮರಳಿತು. ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯು ನಿಗದಿಪಡಿಸಿದ ತೂಕದ ಮಿತಿಯನ್ನು ಮೀರಿದವರೆಂದು ಹಾರಾಟದಿಂದ ಇಳಿಸಲ್ಪಟ್ಟ ಗಗನಸಖಿಯರು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2008ರಲ್ಲಿ ಅವರ ಅರ್ಜಿ ತಿರಸ್ಕೃತವಾಯಿತು. ಈಗಿನ ಪದಗಳು ಆರೋಗ್ಯ, ದೈಹಿಕ ಕ್ಷಮತೆ, ಉದ್ಯಮದ ಸ್ಪರ್ಧೆ. ಆಕರ್ಷಣೆಯೆಂಬ ಪದ ಅಗತ್ಯವೇ ಆಗಲಿಲ್ಲ.

2022ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಟಾಟಾ ಸಮೂಹಕ್ಕೆ ಹಸ್ತಾಂತರವಾಯಿತು. ಮುಂಬಯಿಯಿಂದ 2013ರಲ್ಲಿ ದೆಹಲಿಗೆ ಬಂದಿದ್ದ ಅದರ ಕೇಂದ್ರ ಕಛೇರಿ ಮುಂದೆ ಗುರುಗ್ರಾಮಕ್ಕೆ ಹೋಯಿತು. ಇಂಡಿಗೋ ಸಂಸ್ಥೆಯ ಕಛೇರಿಯೂ ಅಲ್ಲಿಯೇ ಇರುವುದರಿಂದ ದೇಶದ ವಿಮಾನಸಿಬ್ಬಂದಿಯ ಬಹುಭಾಗದ ತಲೆಗಳನ್ನು ಕುರಿತ ನಿಯಮಗಳು ಇಂದು ಹರಿಯಾಣದ ಒಂದೇ ಊರಿನಿಂದ ಹೊರಡುತ್ತವೆ ಎನ್ನಬಹುದು. ಆ ವರ್ಷದ ನವೆಂಬರ್‌ನಲ್ಲಿ ಏರ್ ಇಂಡಿಯಾ ಹೊರಡಿಸಿದ ಸೂಚನೆಗಳನ್ನು ಪತ್ರಿಕೆಗಳು ವಿವರವಾಗಿ ವರದಿಮಾಡಿದುವು. ನರೆತ ಕೂದಲಿಗೆ ಬಣ್ಣ ಹಚ್ಚಬೇಕು. ಮುಂದಲೆ ಬಹಳ ಬೋಳಾದ ಪುರುಷರು ತಲೆಯನ್ನು ಪೂರ್ತಿ ಬೋಳಿಸಿ, ಪ್ರತಿದಿನವೂ ಹಾಗೆಯೇ ಕಾಯ್ದುಕೊಳ್ಳಬೇಕು. ಸ್ತ್ರೀಯರು ನೆತ್ತಿಯ ಮೇಲೆ ಎತ್ತರದ ತುರುಬನ್ನಾಗಲಿ ಕುತ್ತಿಗೆಯ ಬಳಿ ತಗ್ಗಿನ ತುರುಬನ್ನಾಗಲಿ ಕಟ್ಟಬಾರದು. ಕಪ್ಪು ಹೇರ್‌ಪಿನ್ನುಗಳು ನಾಲ್ಕನ್ನು ಮೀರಬಾರದು.

ಇವುಗಳಲ್ಲಿ ಗುಂಗುರು ಎಂಬ ಮಾತಿಲ್ಲ. ನಿಯಮಕ್ಕೆ ಅದು ಬೇಕಾಗಿಯೂ ಇಲ್ಲ. ನೇರವಾದ, ಮಣಿಯುವ ಕೂದಲು ನಾಲ್ಕು ಪಿನ್ನುಗಳಿಗೆ ನಿಲ್ಲುತ್ತದೆ. ದಟ್ಟವಾದ ಗುಂಗುರು ಕೂದಲನ್ನು ತುರುಬಾಗಿಸಿದವರಿಗೆ, ಅಥವಾ ಅಂತಹ ಮಗಳಿಗೆ ಜಡೆ ಹಾಕಿದ ತಾಯಂದಿರಿಗೆ, ನಾಲ್ಕು ಪಿನ್ನುಗಳ ಲೆಕ್ಕ ಎಂತಹುದೆಂದು ವಿವರಿಸಬೇಕಾಗಿಲ್ಲ. ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಅಂಕಿಯು ಎಲ್ಲರಿಂದಲೂ ಸಮಾನವಾದ ಶ್ರಮವನ್ನು ಕೇಳುವುದಿಲ್ಲ. ಉಳಿಯುವ ದಾರಿ ಕೂದಲನ್ನು ಚಿಕ್ಕದಾಗಿ ಕತ್ತರಿಸುವುದು, ಅಂಟುದ್ರವ್ಯದಿಂದ ಒತ್ತುವುದು, ಇಲ್ಲವೇ ನೇರಗೊಳಿಸುವುದು. ಕೂದಲಿನ ಮುಖ್ಯ ದ್ರವ್ಯವಾದ ಕೆರಾಟಿನ್‌ನಲ್ಲಿರುವ ಗಂಧಕದ ಬಂಧಗಳನ್ನು ರಾಸಾಯನಿಕವಾಗಿ ಮುರಿದು, ನೇರವಾದ ಸ್ಥಿತಿಯಲ್ಲಿ ಮರಳಿ ಬೆಸೆಯುವುದು ಒಂದು ವಿಧಾನ. ಬುಡದಿಂದ ಬರುವ ಹೊಸ ಕೂದಲು ಗುಂಗುರಾಗಿಯೇ ಬೆಳೆಯುವುದರಿಂದ ಕೆಲವು ತಿಂಗಳಿಗೊಮ್ಮೆ ಇದನ್ನು ಮತ್ತೆ ಮಾಡಿಸಬೇಕಾಗುತ್ತದೆ, ವೆಚ್ಚ ನೌಕರಳದೇ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು, 33,497 ಸ್ತ್ರೀಯರನ್ನು ಸುಮಾರು 11 ವರ್ಷ ಅನುಸರಿಸಿದ ಅಧ್ಯಯನದ ಆಧಾರದಿಂದ, ಕೂದಲು ನೇರಗೊಳಿಸುವ ದ್ರವ್ಯಗಳನ್ನು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಹೆಚ್ಚೆಂದು ಪ್ರಕಟಿಸಿದರು. ಇದು ಸಹಸಂಬಂಧ, ಕಾರಣದ ಸಿದ್ಧಿಯಲ್ಲ. ಆದರೂ ಅಚ್ಚುಕಟ್ಟಿನ ಬೆಲೆಯನ್ನು ಲೆಕ್ಕಹಾಕುವಾಗ ಇದನ್ನು ಬಿಡಲಾಗದು.

ಇಂತಹ ನಿಯಮವನ್ನು ಪ್ರಶ್ನಿಸಬಹುದಾದ ಸ್ಥಳ ಯಾವುದು? 1981ರಲ್ಲಿ ಗಗನಸಖಿಯರು ಸಮಾನತೆಯ ಹಕ್ಕನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲು ಸಾಧ್ಯವಾದದ್ದು ಅವರ ಸಂಸ್ಥೆ ಪ್ರಭುತ್ವದ ಅಂಗವಾಗಿದ್ದುದರಿಂದ. 2024ರ ಮೇ ತಿಂಗಳಲ್ಲಿ, ಏರ್ ಇಂಡಿಯಾದ ಕೆಲವು ನೌಕರರು ವೇತನ ಮತ್ತು ಬಡ್ತಿಗಳ ಬಗೆಗೆ ಹೂಡಿದ್ದ ಮೊಕದ್ದಮೆಯಲ್ಲಿ, ಖಾಸಗೀಕರಣದ ಅನಂತರ ಈ ಸಂಸ್ಥೆಯ ವಿರುದ್ಧ ರಿಟ್ ಅರ್ಜಿ ನಿಲ್ಲುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಖಾಸಗೀಕರಣಕ್ಕೆ ಮೊದಲೇ ಅರ್ಜಿ ಸಲ್ಲಿಸಿದ್ದರೂ ಅದೇ ಫಲ. ಆ ಮೊಕದ್ದಮೆಯಲ್ಲಿ ಕೂದಲಿನ ಪ್ರಸ್ತಾಪವಿರಲಿಲ್ಲ. ಆದರೂ ಗರ್ಭಧಾರಣೆಯ ನಿಯಮವನ್ನು ಕೆಡವಿದ ಬಾಗಿಲು ಮುಚ್ಚಿದ್ದು ಅಲ್ಲಿಯೇ.

ಸಂಶೋಧಕರಿಗೆ ಇದರಿಂದ ಒದಗುವ ತೊಡಕೂ ಚಿಕ್ಕದಲ್ಲ. 1981ಕ್ಕೆ ಮೊದಲಿನ ಸೇವಾನಿಯಮಗಳನ್ನು ಇಂದು ಯಾರು ಬೇಕಾದರೂ ಓದಬಹುದು, ಏಕೆಂದರೆ ಸರ್ವೋಚ್ಚ ನ್ಯಾಯಾಲಯವು ಅವುಗಳ 46 ಮತ್ತು 47ನೆಯ ನಿಯಮಗಳನ್ನು ತನ್ನ ತೀರ್ಪಿನಲ್ಲಿ ಉದ್ಧರಿಸಿದೆ. ನಾಲ್ಕು ಪಿನ್ನುಗಳ ನಿಯಮವನ್ನು ಓದಬೇಕಾದವರು 2022ರ ನವೆಂಬರ್‌ನ ದಿನಪತ್ರಿಕೆಗಳನ್ನು ತೆರೆಯಬೇಕು.