ನಲವತ್ತು ದಾಟಿದ ಮೇಲೆ ಹೆಚ್ಚು ರಕ್ತಸ್ರಾವವಾದರೆ ‘ಕೆಟ್ಟ ರಕ್ತ’ ಹೋಗುತ್ತದೆಯೇ?

“ನಲವತ್ತರ ನಂತರ ಹೆಚ್ಚು ಮುಟ್ಟಾದರೆ ಒಳ್ಳೆಯದು, ಕೆಟ್ಟ ರಕ್ತವೆಲ್ಲ ಹೋಗುತ್ತದೆ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ತಪ್ಪು. ಮುಟ್ಟಿನಲ್ಲಿ ಹೋಗುವುದು ಗರ್ಭಕೋಶದ ಒಳಪದರ ಮತ್ತು ಮೈಯಲ್ಲಿ ಹರಿಯುವ ಅದೇ ರಕ್ತ.

ವಯಸ್ಸಿನೊಂದಿಗೆ ಏನು ಬದಲಾಗುತ್ತದೆ?

ಮೈನೆರೆದ ಮೊದಲ ಎರಡು-ಮೂರು ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಾಮಾನ್ಯ. ಆಮೇಲೆ ಹೆಚ್ಚಿನವರಿಗೆ 21ರಿಂದ 35 ದಿನಕ್ಕೊಮ್ಮೆ ಬರುತ್ತದೆ. ನಲವತ್ತರ ನಂತರ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗದೆ ಹಾರ್ಮೋನುಗಳು ಏರುಪೇರಾಗುತ್ತವೆ. ಮುಟ್ಟು ಬೇಗ ಅಥವಾ ತಡವಾಗಿ ಬರಬಹುದು. ಸತತ 12 ತಿಂಗಳು ಬಾರದಿದ್ದರೆ ಅದು ಋತುಬಂಧ.

ಯಾವುದನ್ನು ‘ವಯಸ್ಸು’ ಎಂದು ಬಿಡಬಾರದು?

- 7 ದಿನಕ್ಕಿಂತ ಹೆಚ್ಚು ಸ್ರಾವ
- ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ರಕ್ತ, ದೊಡ್ಡ ಹೆಪ್ಪುಗಳು
- ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗದ ನಂತರ ರಕ್ತ
- ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ

ಗರ್ಭಕೋಶದ ಗಡ್ಡೆ, ಥೈರಾಯ್ಡ್ ತೊಂದರೆ, ಕೆಲವೊಮ್ಮೆ ಕ್ಯಾನ್ಸರ್ ಕಾರಣವಿರಬಹುದು. ರಕ್ತ ಹೆಚ್ಚು ಹೋದಂತೆ ರಕ್ತಹೀನತೆಯೂ ಬರುತ್ತದೆ. ಗುಂಡ್ಲುಪೇಟೆಯ ಚೆಂಡುಹೂ, ಅರಿಶಿನದ ಹೊಲಗಳಲ್ಲಿ ದುಡಿಯುವವರು ಆ ಸುಸ್ತು, ಏದುಸಿರನ್ನು ಕೆಲಸದ ದಣಿವೆಂದೇ ತಿಳಿಯುವ ಸಾಧ್ಯತೆ ಹೆಚ್ಚು.

ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆ ಅಥವಾ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ತೋರಿಸಿ. ಹೋದ ತಕ್ಷಣ ಗರ್ಭಕೋಶ ತೆಗೆಯುತ್ತಾರೆಂಬ ಭಯ ಬೇಡ. ಎಷ್ಟೋ ಸಲ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ.

‘ಕೆಟ್ಟ ರಕ್ತ’ದ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಮನೆಯಲ್ಲಿರುವ ಅಮ್ಮ, ಅತ್ತೆ, ಅಕ್ಕನನ್ನು ಒಮ್ಮೆ ಕೇಳಿ: “ಎಷ್ಟು ದಿನ ಹೋಗ್ತಿದೆ?”