ಮೇಲಿನ ಗದ್ದೆಯವನು ನೀರು ಬಿಟ್ಟದ್ದೇಕೆ?

ಮೇಲಿನವನು ನೀರು ಕಟ್ಟಿಕೊಂಡರೆ ಕೆಳಗಿನವನ ಪೈರು ಒಣಗುತ್ತದೆ. ಆದರೆ ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಮೇಲಿನವರು ನೂರಾರು ವರ್ಷ ಕೆಳಗಿನವರಿಗೆ ನೀರು ಬಿಡುತ್ತಲೇ ಬಂದರು.

ಅಲ್ಲಿ ಒಂದೇ ಕಾಲುವೆಯ ರೈತರ ಕೂಟಕ್ಕೆ 'ಸುಬಕ್' ಎನ್ನುತ್ತಾರೆ. ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಎಂದು ನೀರಿನ ಗುಡಿಗಳಲ್ಲಿ ಕೂತು ತೀರ್ಮಾನಿಸುತ್ತಿದ್ದರು. ಸುತ್ತಲಿನ ಗದ್ದೆಗಳೆಲ್ಲ ಒಟ್ಟಿಗೆ ಖಾಲಿಯಾದರೆ ಹುಳಕ್ಕೆ ಮೇವು ಸಿಗದು.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ ಹಾಕಿ, ಬಿಡುವಿಲ್ಲದೆ ಬೆಳೆಯಿರಿ ಎಂದಿತು ಸರ್ಕಾರ. ಗುಡಿಯ ಸರದಿ ತಪ್ಪಿತು. ನೀರಿಗೆ ತತ್ವಾರ, ಮೇಲೆ ಜಿಗಿಹುಳದ ಕಾಟ. ಔಷಧಿ ಹೊಡೆದರೆ ಹುಳ ತಿನ್ನುವ ಜೇಡವೂ ಸಾಯುತ್ತಿತ್ತು.

1980ರ ದಶಕದಲ್ಲಿ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್, ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಗುಡಿಯ ಕ್ರಮದಲ್ಲೇ ಇಳುವರಿ ಹೆಚ್ಚು ಬಂತು. ಗುಟ್ಟು ಇಷ್ಟೇ: ಕೆಳಗಿನವನಿಗೆ ನೀರಿನ ಭಯ, ಮೇಲಿನವನಿಗೆ ಹುಳದ ಭಯ. ಕೆಳಗಿನ ನಾಟಿ ತಡವಾದರೆ ಅಲ್ಲಿನ ಹುಳ ಮೇಲಕ್ಕೂ ಹಬ್ಬುತ್ತದೆ. ಹಾಗಾಗಿ ನೀರು ಹಂಚಿಕೊಳ್ಳುವುದೇ ಇಬ್ಬರಿಗೂ ಲಾಭ.

2012ರಲ್ಲಿ ಯುನೆಸ್ಕೋ ಸುಬಕ್ ಪದ್ಧತಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಕೆರೆ ಬಯಲಲ್ಲೂ ಸರದಿ ನೋಡಿ ನೀರು ಬಿಡುವ ನೀರುಗಂಟಿ ಇದ್ದ. ಅವನು ಏನೇನು ಕಾಯುತ್ತಿದ್ದ ಎಂದು ಊರಿನ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ.