ಮಾನವ ಹಕ್ಕುಗಳ ಜಂಟಿ ಸಮಿತಿ (ಯುನೈಟೆಡ್ ಕಿಂಗ್‌ಡಮ್)

ಮಾನವ ಹಕ್ಕುಗಳ ಜಂಟಿ ಸಮಿತಿಯು ಯುನೈಟೆಡ್ ಕಿಂಗ್‌ಡಮ್ ಸಂಸತ್ತಿನ ಉಭಯ ಸದನಗಳಿಗೆ ಸೇರಿದ ಒಂದು ಆಯ್ಕೆ ಸಮಿತಿ. ಸರ್ಕಾರವು ಮಂಡಿಸುವ ಮಸೂದೆಗಳು ಮಾನವ ಹಕ್ಕುಗಳಿಗೆ ಹೊಂದಿಕೆಯಾಗುತ್ತವೆಯೇ ಎಂಬುದನ್ನು ಅವು ಕಾಯಿದೆಯಾಗುವ ಮುನ್ನವೇ ಪರಿಶೀಲಿಸಿ ಸಂಸತ್ತಿಗೆ ವರದಿ ಸಲ್ಲಿಸುವುದು ಇದರ ಮುಖ್ಯ ಕಾರ್ಯ. ಸಮಿತಿಯು 2001ರಲ್ಲಿ ಕಾರ್ಯಾರಂಭ ಮಾಡಿತು.

ಹಿನ್ನೆಲೆ

ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯನ್ನು ದೇಶೀಯ ಕಾನೂನಿನೊಳಗೆ ತಂದ ಮಾನವ ಹಕ್ಕುಗಳ ಕಾಯಿದೆ, 1998, ಪೂರ್ಣವಾಗಿ ಜಾರಿಗೆ ಬಂದದ್ದು 2000ದ ಅಕ್ಟೋಬರ್ 2ರಂದು. ಭಾರತದಲ್ಲಿ ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನನ್ನು ಸಂವಿಧಾನದ 13ನೆಯ ವಿಧಿಯ ಮೇರೆಗೆ ನ್ಯಾಯಾಲಯಗಳು ಅಸಿಂಧುವೆಂದು ಘೋಷಿಸಬಲ್ಲವು. ಬ್ರಿಟನ್ನಿನ ನ್ಯಾಯಾಲಯಗಳಿಗೆ ಸಂಸತ್ತಿನ ಕಾಯಿದೆಯ ಮೇಲೆ ಈ ಅಧಿಕಾರವಿಲ್ಲ. ಅವು ಹೆಚ್ಚೆಂದರೆ ‘ಹೊಂದಾಣಿಕೆಯಿಲ್ಲದಿರುವಿಕೆಯ ಘೋಷಣೆ’ಯನ್ನು ಹೊರಡಿಸಬಹುದು. ಆ ಬಳಿಕವೂ ಕಾಯಿದೆ ಊರ್ಜಿತವಾಗಿಯೇ ಉಳಿಯುತ್ತದೆ. ಅದನ್ನು ಬದಲಿಸಬೇಕೋ ಬೇಡವೋ ಎಂಬುದು ಸರ್ಕಾರ ಮತ್ತು ಸಂಸತ್ತಿಗೆ ಬಿಟ್ಟದ್ದು. ಆದ್ದರಿಂದ ಮಸೂದೆಯ ಹಂತದಲ್ಲಿ ನಡೆಯುವ ಪರಿಶೀಲನೆಗೆ ಅಲ್ಲಿ ವಿಶೇಷ ಮಹತ್ವವಿದೆ.

ಸಚಿವರ ಹೇಳಿಕೆ

ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ, ಮಸೂದೆಯನ್ನು ಮಂಡಿಸುವ ಸಚಿವರು ದ್ವಿತೀಯ ವಾಚನಕ್ಕೆ ಮೊದಲು ಲಿಖಿತ ಹೇಳಿಕೆ ನೀಡಬೇಕು. ಮಸೂದೆಯು ಒಡಂಬಡಿಕೆಯ ಹಕ್ಕುಗಳಿಗೆ ಹೊಂದುತ್ತದೆ ಎಂದು ಹೇಳಬಹುದು. ಇಲ್ಲವೇ ಹಾಗೆ ಹೇಳಲು ಸಾಧ್ಯವಿಲ್ಲವಾದರೂ ಸದನವು ಮಸೂದೆಯನ್ನು ಮುಂದುವರಿಸಬೇಕೆಂಬುದು ಸರ್ಕಾರದ ಇಚ್ಛೆ ಎಂದು ತಿಳಿಸಬಹುದು. ಎರಡನೆಯ ಬಗೆಯ ಹೇಳಿಕೆ ಅಪರೂಪ. ರಾಜಕೀಯ ಜಾಹೀರಾತುಗಳ ಪ್ರಸಾರವನ್ನು ನಿಷೇಧಿಸುವ ಸಂಪರ್ಕ ಮಸೂದೆಯೊಂದಿಗೆ 2002ರಲ್ಲಿ ಇಂಥ ಹೇಳಿಕೆ ಬಂದಿತ್ತು. ಸ್ವಾರಸ್ಯವೆಂದರೆ, 2013ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು 9–8ರ ಅಲ್ಪ ಬಹುಮತದಿಂದ ಅದೇ ನಿಷೇಧವನ್ನು ಎತ್ತಿಹಿಡಿಯಿತು.

ಈ ಹೇಳಿಕೆಗೆ ಕೆಲವು ಮಿತಿಗಳಿವೆ. ಅದು ಸಚಿವರ ಅಭಿಪ್ರಾಯವೇ ಹೊರತು ಕಾನೂನಿನ ನಿರ್ಣಯವಲ್ಲ. ಅನಂತರ ಸೇರುವ ತಿದ್ದುಪಡಿಗಳಿಗೆ ಅದು ಅನ್ವಯಿಸದು; ಖಾಸಗಿ ಸದಸ್ಯರ ಮಸೂದೆಗಳಿಗೆ ಅದರ ಅಗತ್ಯವೇ ಇಲ್ಲ. ಕಾರಣಗಳನ್ನು ನೀಡದ ಒಂದೇ ವಾಕ್ಯದ ಹೇಳಿಕೆಯಿಂದ ಸದಸ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಆ ವಾಕ್ಯದ ಹಿಂದಿನ ಕಾರಣಗಳನ್ನು ಸರ್ಕಾರದಿಂದ ಹೊರಡಿಸುವುದರಲ್ಲೇ ಸಮಿತಿಯ ಬಹುಪಾಲು ಕೆಲಸ ಅಡಗಿದೆ.

ರಚನೆ ಮತ್ತು ಕಾರ್ಯವಿಧಾನ

ಸಮಿತಿಯಲ್ಲಿ 12 ಸದಸ್ಯರು: ಹೌಸ್ ಆಫ್ ಕಾಮನ್ಸ್‌ನಿಂದ 6, ಹೌಸ್ ಆಫ್ ಲಾರ್ಡ್ಸ್‌ನಿಂದ 6. ಜೀನ್ ಕಾರ್ಸ್ಟನ್ ಮೊದಲ ಅಧ್ಯಕ್ಷೆ. ಆಂಡ್ರ್ಯೂ ಡಿಸ್ಮೋರ್, ಹೈವೆಲ್ ಫ್ರಾನ್ಸಿಸ್, ಹ್ಯಾರಿಯೆಟ್ ಹಾರ್ಮನ್, ಜೊಆನಾ ಚೆರ್ರಿ ಮುಂತಾದವರು ಅನಂತರ ಆ ಸ್ಥಾನದಲ್ಲಿದ್ದರು. ವ್ಯಕ್ತಿಗತ ದೂರುಗಳನ್ನು ಸಮಿತಿ ವಿಚಾರಿಸುವುದಿಲ್ಲ.

ಕಾನೂನು ಸಲಹೆಗಾರರು ಮಸೂದೆಯನ್ನು ಓದಿ ಸಂದೇಹಗಳನ್ನು ಗುರುತಿಸುತ್ತಾರೆ. ಸಮಿತಿಯು ಸಚಿವರಿಗೆ ಪತ್ರ ಬರೆದು ಉತ್ತರ ಪಡೆಯುತ್ತದೆ, ಬೇಕಿದ್ದಲ್ಲಿ ಸಾಕ್ಷ್ಯ ಸಂಗ್ರಹಿಸುತ್ತದೆ, ವರದಿಯೊಂದಿಗೆ ಕೆಲವೊಮ್ಮೆ ತಿದ್ದುಪಡಿಗಳ ಕರಡನ್ನೂ ನೀಡುತ್ತದೆ. ಹಕ್ಕಿನ ಮೇಲಿನ ನಿರ್ಬಂಧಕ್ಕೆ ಕಾನೂನಿನ ಆಧಾರವಿದೆಯೇ, ಅದರ ಉದ್ದೇಶ ನ್ಯಾಯಸಮ್ಮತವೇ, ಉದ್ದೇಶಕ್ಕೆ ಮೀರಿದ ನಿರ್ಬಂಧವೇ ಎಂಬುವು ಅದು ಪದೇ ಪದೇ ಕೇಳುವ ಪ್ರಶ್ನೆಗಳು. ಆರಂಭದಲ್ಲಿ ಎಲ್ಲ ಮಸೂದೆಗಳ ಬಗ್ಗೆಯೂ ವರದಿ ಮಾಡುತ್ತಿದ್ದ ಸಮಿತಿಯು 2006ರ ಬಳಿಕ ಹೆಚ್ಚು ಮಹತ್ವದವುಗಳ ಮೇಲೆ ಗಮನ ಕೇಂದ್ರೀಕರಿಸಿತು.

ಪ್ರಮುಖ ಪ್ರಸಂಗಗಳು

ಸೆಪ್ಟೆಂಬರ್ 11ರ ದಾಳಿಯ ಬಳಿಕ, 2001ರ ನವೆಂಬರ್‌ನಲ್ಲಿ ಮಂಡಿತವಾದ ಭಯೋತ್ಪಾದನಾ ನಿಗ್ರಹ ಮಸೂದೆಯು ಶಂಕಿತ ವಿದೇಶೀಯರನ್ನು ವಿಚಾರಣೆಯಿಲ್ಲದೆ ಅನಿರ್ದಿಷ್ಟ ಕಾಲ ಬಂಧನದಲ್ಲಿಡಲು ಅವಕಾಶ ನೀಡುತ್ತಿತ್ತು. ಸಮಿತಿಯು ಕೆಲವೇ ದಿನಗಳಲ್ಲಿ ಕಳವಳ ವ್ಯಕ್ತಪಡಿಸಿ ವರದಿ ನೀಡಿತು. ಆದರೂ ಸುಮಾರು ಒಂದು ತಿಂಗಳಲ್ಲಿ, ಡಿಸೆಂಬರ್ 14ರಂದು, ಮಸೂದೆ ಕಾಯಿದೆಯಾಯಿತು. ಬಂಧಿತರಲ್ಲಿ ಹಲವರು ಲಂಡನ್ನಿನ ಬೆಲ್‌ಮಾರ್ಷ್ ಸೆರೆಮನೆಯಲ್ಲಿ ವರ್ಷಗಟ್ಟಲೆ ಉಳಿದರು. 2004ರ ಡಿಸೆಂಬರ್ 16ರಂದು ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು 8–1ರ ಬಹುಮತದಿಂದ, ಈ ಅಧಿಕಾರವು ಅಗತ್ಯಕ್ಕೆ ಮೀರಿದ್ದು ಮತ್ತು ವಿದೇಶೀಯರ ವಿರುದ್ಧ ತಾರತಮ್ಯ ಮಾಡುವಂಥದ್ದು ಎಂದು ತೀರ್ಪಿತ್ತರು. ಸಮಿತಿಯ ವರದಿಗಳೂ ಆ ತೀರ್ಪಿನಲ್ಲಿ ಉಲ್ಲೇಖಗೊಂಡವು.

ದೋಷಾರೋಪಣೆಯಿಲ್ಲದೆ ಶಂಕಿತರನ್ನು ವಶದಲ್ಲಿಡಬಹುದಾದ ಅವಧಿಯ ವಿವಾದದಲ್ಲಿ ಸಮಿತಿಗೆ ಹೆಚ್ಚಿನ ಯಶಸ್ಸು ದೊರೆಯಿತು. 2005ರಲ್ಲಿ 90 ದಿನಗಳ ಪ್ರಸ್ತಾವ ಕಾಮನ್ಸ್‌ನಲ್ಲಿ 322–291 ಮತಗಳಿಂದ ಬಿದ್ದು, 28 ದಿನಗಳ ಮಿತಿ ನಿಗದಿಯಾಯಿತು. 2008ರಲ್ಲಿ ಸರ್ಕಾರವು ಅದನ್ನು 42 ದಿನಗಳಿಗೆ ಏರಿಸಲು ಮುಂದಾದಾಗ, ಆಳುವ ಲೇಬರ್ ಪಕ್ಷದವರೇ ಆದ ಡಿಸ್ಮೋರ್ ಅವರ ಅಧ್ಯಕ್ಷತೆಯ ಸಮಿತಿಯು ಸತತ ವರದಿಗಳಲ್ಲಿ ಅದನ್ನು ವಿರೋಧಿಸಿತು. ಕಾಮನ್ಸ್‌ನಲ್ಲಿ ಪ್ರಸ್ತಾವ 315–306ರಿಂದ ಪಾರಾಯಿತು. ಲಾರ್ಡ್ಸ್ 309–118ರಿಂದ ತಿರಸ್ಕರಿಸಿದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಈ ಫಲಿತಾಂಶಕ್ಕೆ ಸಮಿತಿಯೊಂದೇ ಕಾರಣವೆನ್ನಲಾಗದು, ಆದರೆ ವಿರೋಧಿಸಿದವರಿಗೆ ಸಿದ್ಧವಾದ ವಾದಸಾಮಗ್ರಿ ಅದರ ವರದಿಗಳಲ್ಲಿತ್ತು.

ಆಶ್ರಯ ಕೋರುವವರನ್ನು ರುವಾಂಡಾಕ್ಕೆ ಕಳುಹಿಸುವ ಮಸೂದೆಯು 2023ರ ಡಿಸೆಂಬರ್‌ನಲ್ಲಿ ಎರಡನೆಯ ಬಗೆಯ ಹೇಳಿಕೆಯೊಂದಿಗೇ ಮಂಡನೆಯಾಯಿತು. ಅದು ಮಾನವ ಹಕ್ಕುಗಳಿಗೆ ಹೊಂದಿಕೆಯಾಗದೆಂದು ಸಮಿತಿ ವರದಿ ನೀಡಿದರೂ, 2024ರ ಏಪ್ರಿಲ್‌ನಲ್ಲಿ ಕಾಯಿದೆಯಾಯಿತು. ಅದೇ ವರ್ಷ ಜುಲೈನಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ಆ ಯೋಜನೆಯನ್ನು ರದ್ದುಪಡಿಸಿತು.

ಇತರ ದೇಶಗಳು

ಆಸ್ಟ್ರೇಲಿಯಾದಲ್ಲಿ 2011ರ ಕಾಯಿದೆಯೊಂದರ ಮೂಲಕ 10 ಸದಸ್ಯರ ಇಂಥದೇ ಜಂಟಿ ಸಮಿತಿ ರಚನೆಯಾಗಿದೆ. ಅಲ್ಲಿ ಖಾಸಗಿ ಸದಸ್ಯರ ಮಸೂದೆಗಳಿಗೂ ಹೊಂದಾಣಿಕೆಯ ಹೇಳಿಕೆ ಕಡ್ಡಾಯ. ಭಾರತದ ಸಂಸತ್ತಿನಲ್ಲಿ ಮಸೂದೆಯೊಂದಿಗೆ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆಯಾದರೂ ಹಕ್ಕುಗಳ ಕುರಿತು ಪ್ರತ್ಯೇಕ ಹೇಳಿಕೆಯ ಪದ್ಧತಿಯಿಲ್ಲ. ಮಸೂದೆಗಳು ಇಲಾಖಾವಾರು ಸ್ಥಾಯಿ ಸಮಿತಿಗಳಿಗೆ ಹೋಗುವುದೂ ಕಡ್ಡಾಯವಲ್ಲ.